ಹಳದಿಗೆ ಕಪ್ಪು ಬೆರೆಸಿದರೆ ಹಸಿರು

ಎರಡನೇ ಮಹಾಯುದ್ಧದ ಶರ್ಮನ್ ಟ್ಯಾಂಕಿನ 1/35 ಅಳತೆಯ ಮಾದರಿಗೆ ಅಮೆರಿಕ ಸೇನೆಯ ಆಲಿವ್ ಡ್ರ್ಯಾಬ್ ಎಂಬ ಮಂಕು ಹಸಿರು ಬೇಕು, ಆದರೆ ಹಸಿರಿನ ಬಾಟಲಿಯೇ ಇಲ್ಲ. ಚಿಂತೆಯಿಲ್ಲ. ಪ್ಯಾಲೆಟ್ಟಿನ ಮೇಲೆ ಹಳದಿ ಅಕ್ರಿಲಿಕ್ ಹಾಕಿ, ಹಲ್ಲುಕಡ್ಡಿಯ ತುದಿಯಲ್ಲಿ ಒಂದಿಷ್ಟು ಕಪ್ಪು ಮುಟ್ಟಿಸಿ ಕಲಸಿ. ಎರಡು ಮೂರು ಸಲ ಹೀಗೆ ಮಾಡುವಷ್ಟರಲ್ಲಿ ಹಳದಿ ಹೋಗಿ ಮಂಕು ಹಸಿರು ಬಂದಿರುತ್ತದೆ. ಮೊದಲ ಸಲ ಇದನ್ನು ಕಂಡಾಗಿನ ಬೆರಗು ನನಗಿನ್ನೂ ಇಳಿದಿಲ್ಲ.

ಹಳದಿ ವರ್ಣದ್ರವ್ಯ ಬೆಳಕಿನ ನೀಲಿ ಭಾಗವನ್ನು ನುಂಗಿ ಕೆಂಪು, ಹಸಿರು ಭಾಗಗಳನ್ನು ಹಿಂದಕ್ಕೆ ಕಳಿಸುತ್ತದೆ. ಇವೆರಡೂ ಸೇರಿಯೇ ನಮಗೆ ಹಳದಿ ಕಾಣುವುದು. ಕಪ್ಪು ಬಂದು ಒಟ್ಟು ಬೆಳಕನ್ನು ತಗ್ಗಿಸಿದರೆ ನಮ್ಮ ಮಿದುಳು ಅದನ್ನು ಕಡು ಹಳದಿ ಎನ್ನುವುದಿಲ್ಲ, ಆಲಿವ್ ಎನ್ನುತ್ತದೆ. ಕಡು ಕಿತ್ತಳೆ ನಮಗೆ ಕಂದು ಬಣ್ಣವಾಗಿ ಕಾಣುವುದೂ ಹೀಗೆಯೇ. ಸಾಲದ್ದಕ್ಕೆ, ಕಪ್ಪಿನಲ್ಲಿರುವ ಇಂಗಾಲದ ಕಣಗಳು ಅತಿ ಸಣ್ಣವು. ಬಿಳಿಯೊಡನೆ ಸೇರಿದರೆ ಅವು ನೀಲಿ ಛಾಯೆಯ ಬೂದು ಕೊಡುತ್ತವೆ. ಹಳದಿಯನ್ನು ಹಸಿರಿನತ್ತ ಇನ್ನಷ್ಟು ಎಳೆಯುತ್ತವೆ. ಕಪ್ಪಿನ ಬಲ ದೊಡ್ಡದು. ಅದಕ್ಕೇ ಹಳದಿಗೆ ಕಪ್ಪು ಸೇರಿಸಬೇಕು; ಕಪ್ಪಿಗೆ ಹಳದಿ ಸುರಿಯುತ್ತ ಹೋದರೆ ಬಾಟಲಿ ಬರಿದಾದೀತು.

ಇನ್ನು, ಹಸಿ ಬಣ್ಣವನ್ನು ನಂಬಬೇಡಿ. ಪ್ಯಾಲೆಟ್ಟಿನಲ್ಲಿ ಸರಿಯಾಗಿ ಕಂಡದ್ದು ಒಣಗಿದ ಮೇಲೆ ಕಡುವಾಗಿರುತ್ತದೆ. ಅಕ್ರಿಲಿಕ್ ಬಣ್ಣದ ಅಂಟು ನೀರಿನಲ್ಲಿ ಕರಗಿರುವುದಿಲ್ಲ, ಸೂಕ್ಷ್ಮ ಗುಂಡುಗಳಾಗಿ ತೇಲುತ್ತಿರುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, 1.33; ಅಕ್ರಿಲಿಕ್‌ನದು ಸುಮಾರು 1.49. ಈ ವ್ಯತ್ಯಾಸದಿಂದ ಬೆಳಕು ಚದುರಿ ಅಂಟು ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ಹಾಲಿನ ಬಿಳುಪಿಗೂ ಕಾರಣ ಇಂಥದೇ, ಅಲ್ಲಿ ಚದುರಿಸುವವು ಕೊಬ್ಬಿನ ಹನಿಗಳು ಮತ್ತು ಪ್ರೋಟೀನಿನ ಕಣಗಳು. ನೀರು ಆರಿದಂತೆ ಗುಂಡುಗಳು ಒಂದಕ್ಕೊಂದು ಒತ್ತಿ ಬೆಸೆದು ಪಾರದರ್ಶಕ ಪೊರೆಯಾಗುತ್ತವೆ. ಆ ಹಾಲುಬಿಳುಪು ಮಾಯವಾದಾಗ ಬಣ್ಣದ ನಿಜರೂಪ ತೋರುತ್ತದೆ. ಮಾದರಿಯ ಭಾಗಗಳನ್ನು ಕತ್ತರಿಸಿಕೊಂಡ ಮೇಲೆ ಬಿಸಾಡುವ ಪ್ಲಾಸ್ಟಿಕ್ ಚೌಕಟ್ಟಿನ ಚೂರಿಗೆ ಬಳಿದು, ಹೇರ್‌ ಡ್ರೈಯರ್‌ನಲ್ಲಿ ಒಣಗಿಸಿ ನೋಡಿಯೇ ಮುಂದುವರಿಯಿರಿ. ತೆಳುವಾಗಲೆಂದು ಬರೀ ನೀರನ್ನೇ ಸುರಿದರೆ ಅಂಟು ಸಾಲದೆ ಪೊರೆ ದುರ್ಬಲವಾಗುತ್ತದೆ. ಅಕ್ರಿಲಿಕ್ ಮೀಡಿಯಂ, ಅಂದರೆ ಬಣ್ಣವಿಲ್ಲದ ಅದೇ ಅಂಟು, ಬೆರೆಸುವುದು ಲೇಸು.

ಒಣಗಿದ ಚೂರು ತೀರ ಕಡುವೆನಿಸಿದರೆ ಕೈ ತಾನಾಗಿ ಬಿಳಿಯತ್ತ ಹೋಗುತ್ತದೆ. ತಡೆಯಿರಿ. ಬಿಳಿ ಬಿದ್ದರೆ ಇಂಗಾಲದ ಆ ನೀಲಿ ಛಾಯೆ ಮೇಲೆದ್ದು ಟ್ಯಾಂಕು ಬೂದಿ ಬಡಿದಂತಾಗುತ್ತದೆ. ಶುರುಮಾಡಿದ ಹಳದಿಯನ್ನೇ ಇನ್ನೊಂದು ತೊಟ್ಟು ಹಾಕಿ.