ಸಿಸ್ಟರ್ ಕೈಗೆ ಪದವಿ ಬಂದ ದಾರಿ

ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ ಕಳೆದೆವು. ಬೆಳಗ್ಗೆ ಏಳೂವರೆಗೆ ನೈಟ್ ಡ್ಯೂಟಿಯವರು ಹ್ಯಾಂಡ್‌ಓವರ್ ಕೊಡುತ್ತಾ ಮಂಚದಿಂದ ಮಂಚಕ್ಕೆ ಬರುತ್ತಿದ್ದರು. ಅವರ ಹಿಂದೆ ನಾಲ್ಕೈದು ಜನ ವಿದ್ಯಾರ್ಥಿನಿಯರು. ಅವರಲ್ಲೊಬ್ಬಳು, ಚಳ್ಳಕೆರೆ ಕಡೆಯ ಹುಡುಗಿ, ಮಂಚಕ್ಕೆ ತೂಗುಹಾಕಿದ್ದ ಯೂರಿನ್ ಬ್ಯಾಗಿನ ಎದುರು ಕುಕ್ಕರಗಾಲಲ್ಲಿ ಕೂತು ಗೆರೆ ನೋಡಿದಳು. "ಅಜ್ಜಿ, ರಾತ್ರಿ ನೀರು ಕುಡಿದ್ರಾ?" ರಾತ್ರಿಯಿಡೀ ಬಂದದ್ದು ಇನ್ನೂರು ಎಂಎಲ್ ಕೂಡ ಇರಲಿಲ್ಲ. ಎದ್ದು ಹೋಗಿ ಇನ್‌ಚಾರ್ಜ್ ಸಿಸ್ಟರ್ ಕಿವಿಗೆ ಹಾಕಿದಳು. "ರೌಂಡ್ಸಿಗೆ ಬರ್ತಾರಲ್ಲ, ಆಗ ಹೇಳೋಣ" ಅಂದರು ಅವರು. ರೌಂಡ್ಸ್ ಬಂದಿದ್ದು ಹನ್ನೊಂದೂಕಾಲಿಗೆ. ರಕ್ತ ಪರೀಕ್ಷೆಯಲ್ಲಿ, ಕಿಡ್ನಿಯ ಕೆಲಸ ಕುಂದಿದರೆ ಏರುವ ಕ್ರಿಯಾಟಿನಿನ್ ಏರಿತ್ತು. ಡ್ರಿಪ್ ಹಾಕಿದರು, ಇಳಿಯಿತು.

ಆ ಹುಡುಗಿ ಬಿಎಸ್ಸಿ ನರ್ಸಿಂಗ್ ಆರನೇ ಸೆಮಿಸ್ಟರ್. ಆ ಸೆಮಿಸ್ಟರಿನ ಪಠ್ಯದಲ್ಲಿ 'ನರ್ಸಿಂಗ್ ನಿರ್ವಹಣೆ ಮತ್ತು ನಾಯಕತ್ವ' ಅಂತ ಒಂದು ವಿಷಯವೇ ಇದೆ. ನಾಯಕತ್ವ ಓದುತ್ತಿದ್ದವಳು ಮೂರೂಮುಕ್ಕಾಲು ಗಂಟೆ ಕಾದಳು. ಯಾಕೆ ಕಾಯಬೇಕಾಯಿತು ಅನ್ನುವುದಕ್ಕೆ ಬಹಳ ಹಿಂದಕ್ಕೆ ಹೋಗಬೇಕು.

ಬೆಂಗಳೂರಿಗೆ ನರ್ಸಿಂಗ್ ಹಳೆಯ ಕಸುಬು. ಗುಡ್ ಶೆಫರ್ಡ್ ಸಂನ್ಯಾಸಿನಿಯರ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರದು, ವಿಕ್ಟೋರಿಯಾ 1900ರದು, ವಾಣಿವಿಲಾಸ 1935ರದು. ನರ್ಸನ್ನು ನಾವು ಇವತ್ತಿಗೂ 'ಸಿಸ್ಟರ್' ಅನ್ನುವುದರಲ್ಲಿ ಆ ಸಂನ್ಯಾಸಿನಿಯರ ನೆರಳಿದೆ. ಆಗೆಲ್ಲ ನರ್ಸಿಂಗ್ ಕಲಿಯುವುದೆಂದರೆ ಆಸ್ಪತ್ರೆಗೆ ಅಂಟಿಕೊಂಡ ಶಾಲೆ ಸೇರುವುದು. ಊಟ, ಹಾಸ್ಟೆಲ್, ಕೈಗೊಂದಿಷ್ಟು ಸ್ಟೈಫಂಡ್. ಬದಲಿಗೆ ವಾರ್ಡಿನ ದುಡಿಮೆ. ಕೈ ಪಳಗುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಾರ್ಡಿನಲ್ಲಿ ಜನ ಕಡಿಮೆಯಾದ ದಿನ ಪಾಠ ಬಂದ್. ವಿದ್ಯಾರ್ಥಿನಿ ಅಂದರೆ ಆಸ್ಪತ್ರೆಯ ಲೆಕ್ಕದಲ್ಲಿ ಅಗ್ಗದ ಆಳು. ಡಾಕ್ಟರ್ ಹೇಳಿದ್ದನ್ನು ತಪ್ಪದೆ ಮಾಡುವುದೇ ಒಳ್ಳೆಯ ನರ್ಸಿನ ಲಕ್ಷಣ ಅನ್ನಿಸಿಕೊಂಡಿತ್ತು.

ಇದನ್ನು ಪ್ರಶ್ನಿಸಿದ್ದು, ದೇಶದ ಆರೋಗ್ಯ ವ್ಯವಸ್ಥೆ ಪರಿಶೀಲಿಸಲು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಭೋರ್ ಸಮಿತಿ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಈ ಸಮಿತಿ ಲೆಕ್ಕ ಹಾಕಿದಾಗ ದೇಶದಲ್ಲಿ 43,000 ಜನಕ್ಕೆ ಒಬ್ಬ ನರ್ಸ್ ಇದ್ದರು. ಸಂಖ್ಯೆ ಹೆಚ್ಚಬೇಕು ಅಂದಿದ್ದರಲ್ಲಿ ಆಶ್ಚರ್ಯವಿಲ್ಲ. ಅದರ ಜೊತೆಗೆ, ಪಾಠ ಹೇಳುವವರು, ಆಸ್ಪತ್ರೆಯ ನರ್ಸಿಂಗ್ ಆಡಳಿತ ನೋಡಿಕೊಳ್ಳುವವರು ವಿಶ್ವವಿದ್ಯಾಲಯದ ಪದವಿ ಪಡೆದು ಬರಬೇಕು ಎಂಬ ಯೋಚನೆಗೂ ಅಲ್ಲಿ ಜಾಗ ಸಿಕ್ಕಿತು. ಅದೇ 1946ರಲ್ಲಿ ದೆಹಲಿಯಲ್ಲೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೂ ಬಿಎಸ್ಸಿ ನರ್ಸಿಂಗ್ ಶುರುವಾಯಿತು. ಮರುವರ್ಷ, ದೇಶದ ನರ್ಸಿಂಗ್ ಶಿಕ್ಷಣದ ಮಟ್ಟ ನೋಡಿಕೊಳ್ಳುವ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು.

ವೆಲ್ಲೂರು ನಮಗೆ ರಾತ್ರಿ ಬಸ್ ಹತ್ತಿದರೆ ಬೆಳಗಾಗುವುದರೊಳಗೆ ಸಿಗುವ ಊರು. ಪದವಿಗೆ ಮಾತ್ರ ಅಲ್ಲಿಂದ ಇಲ್ಲಿಗೆ ಬರಲು ಕಾಲು ಶತಮಾನವೇ ಹಿಡಿಯಿತು. ಕೋಟೆ ಪ್ರದೇಶದ ಸರ್ಕಾರಿ ನರ್ಸಿಂಗ್ ಕಾಲೇಜು 1970ರ ದಶಕದ್ದು. ಅದಕ್ಕೂ ಮೊದಲೇ, ಈಗ ನಿಮ್ಹಾನ್ಸ್ ಆಗಿರುವ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಮನೋರೋಗ ನರ್ಸಿಂಗಿಗೆ ಪ್ರತ್ಯೇಕ ಡಿಪ್ಲೊಮಾ ಆರಂಭವಾಗಿತ್ತು. ವಿಶೇಷ ತಜ್ಞತೆ ಮೊದಲು ಬಂದು, ಮೂಲ ಪದವಿ ಆಮೇಲೆ ಬಂದ ಊರು ನಮ್ಮದು.

1989ರಲ್ಲಿ ಸರೋಜಿನಿ ವರದಪ್ಪನ್ ನೇತೃತ್ವದಲ್ಲಿ ನರ್ಸಿಂಗ್ ಬಗ್ಗೆ ಕೇಂದ್ರ ನೇಮಿಸಿದ್ದ ಉನ್ನತಾಧಿಕಾರ ಸಮಿತಿ ಇನ್ನೂ ಖಡಾಖಂಡಿತವಾಗಿ ಮಾತಾಡಿತು: ವೃತ್ತಿಪರ ನರ್ಸ್ ಅಂದರೆ ಪದವೀಧರೆ, ಆಕೆಯ ಕೆಳಗೆ ಸಹಾಯಕ ನರ್ಸ್, ಎರಡೇ ಹಂತ ಸಾಕು. ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಡಿಪ್ಲೊಮಾ ಇವತ್ತಿಗೂ ನಡೆಯುತ್ತಿದೆ ಅಂದಮೇಲೆ ಆ ಶಿಫಾರಸಿನ ಗತಿ ಏನಾಯಿತು ಅಂತ ಬೇರೆ ಹೇಳಬೇಕಿಲ್ಲ.

ಬೆಂಗಳೂರಿನ ಚಿತ್ರ ಬದಲಾಗಿದ್ದು 1996ರ ನಂತರ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಜಯನಗರದಲ್ಲಿ ನೆಲೆಯೂರಿತು, ರಾಜ್ಯದ ಬಹುತೇಕ ನರ್ಸಿಂಗ್ ಕಾಲೇಜುಗಳು ಅದರ ತೆಕ್ಕೆಗೆ ಬಂದವು. ಹೊತ್ತಿಗೆ ಸರಿಯಾಗಿ ಹೊರದೇಶಗಳಲ್ಲಿ ನರ್ಸ್‌ಗಳಿಗೆ ಬೇಡಿಕೆ ಏರಿತು. ಕೇರಳದಿಂದ, ಆಮೇಲಾಮೇಲೆ ಈಶಾನ್ಯ ರಾಜ್ಯಗಳಿಂದ ಮಕ್ಕಳು ಬಂದಿಳಿದರು. ಕಾಲೇಜುಗಳು ನಾಯಿಕೊಡೆಯಂತೆ ಎದ್ದವು. ಒಂದೇ ಕಟ್ಟಡದಲ್ಲಿ ಕೆಳಗೆ ಅಂಗಡಿ, ಮೇಲೆ ಅನಾಟಮಿ ಕ್ಲಾಸು ನಡೆಯುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ತನ್ನದೇ ಆಸ್ಪತ್ರೆ ಇರಬೇಕು ಅನ್ನುತ್ತದೆ ನರ್ಸಿಂಗ್ ಪರಿಷತ್ತು. ಇಲ್ಲದ ಕಡೆ ಹುಡುಗಿಯರು ಬೆಳಗ್ಗೆ ಆರಕ್ಕೇ ಕಾಲೇಜು ಬಸ್ ಹತ್ತಿ ಊರಿನ ಇನ್ನೊಂದು ತುದಿಯ ಆಸ್ಪತ್ರೆಗೆ ಪೋಸ್ಟಿಂಗಿಗೆ ಹೋಗುತ್ತಾರೆ. ಅಲ್ಲಿನವರಿಗೆ ಅವರು ನೆಂಟರಿದ್ದಂತೆ. ನೆಂಟರು ಮನೆಯ ವಿಷಯದಲ್ಲಿ ತಲೆಹಾಕುವುದಿಲ್ಲ.

ಈ ಭರಾಟೆ ನ್ಯಾಯಾಲಯಕ್ಕೂ ಹೋಯಿತು. ಕಾಲೇಜಿಗೆ ಮಾನ್ಯತೆ ಕೊಡುವ ಅಧಿಕಾರ ಕೇಂದ್ರದ ಪರಿಷತ್ತಿಗಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2017ರಲ್ಲಿ ಹೇಳಿತು. ಕಾಲೇಜಿನವರು ನಿಟ್ಟುಸಿರು ಬಿಟ್ಟರು. ಪರಿಷತ್ತಿನ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಬ್ಯಾಂಕ್ ಸಾಲ ಸಿಗುತ್ತದೋ, ಹೊರರಾಜ್ಯದಲ್ಲಿ ನೋಂದಣಿ ಆಗುತ್ತದೋ ಎಂಬ ಚಿಂತೆ ವಿದ್ಯಾರ್ಥಿಗಳ ಪಾಲಿಗೆ ಉಳಿಯಿತು.

ಪಠ್ಯ ಮಾತ್ರ ಗಂಭೀರವಾಗಿ ಬದಲಾಯಿತು. 2021ರ ಜುಲೈನಲ್ಲಿ ಕೇಂದ್ರದ ಗೆಜೆಟ್‌ನಲ್ಲಿ ಬಂದ ಹೊಸ ನಿಯಮದಂತೆ ನಾಲ್ಕು ವರ್ಷ ಎಂಟು ಸೆಮಿಸ್ಟರಾಯಿತು, ಕೊನೆಯ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್. ಡ್ಯೂಟಿ ರೋಸ್ಟರ್ ಹಾಕುವುದು, ಸ್ಟಾಕ್ ಇಂಡೆಂಟ್ ಮಾಡುವುದು, ತಂಡ ನಡೆಸುವುದು ಎಲ್ಲವನ್ನೂ ಕಲಿಸಬೇಕು. ಕಾಗದದ ಮೇಲೆ ನೋಡಿದರೆ ಇಪ್ಪತ್ತೊಂದು ವರ್ಷದ ಹುಡುಗಿ ಒಂದು ವಾರ್ಡ್ ನಡೆಸಬಲ್ಲಳು. 2023ರಲ್ಲಿ ಹಳೆಯ ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ಆಯೋಗ ತರುವ ಕಾಯ್ದೆಯೂ ಆಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ಟಾಫ್ ನರ್ಸ್' ಹೋಗಿ 'ನರ್ಸಿಂಗ್ ಆಫೀಸರ್' ಬಂತು.

ನನ್ನ ತಕರಾರು ಇಲ್ಲಿಯೇ. ಹೆಸರು ಬದಲಾದಷ್ಟು ಸಲೀಸಾಗಿ ಹುದ್ದೆಯ ಏಣಿ ಬದಲಾಗಲಿಲ್ಲ. ಏಮ್ಸ್ ನೇಮಕಾತಿಯನ್ನೇ ನೋಡಿ: ಪದವೀಧರರು ನೇರವಾಗಿ ಅರ್ಜಿ ಹಾಕಬಹುದು, ಡಿಪ್ಲೊಮಾದವರಿಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಆಯ್ಕೆಯಾದ ಮೇಲೆ ಇಬ್ಬರಿಗೂ ಒಂದೇ ಹುದ್ದೆ, ಒಂದೇ ಸಂಬಳ, ಒಂದೇ ಟ್ರೇ. ಖಾಸಗಿಯಲ್ಲಿ ಇಷ್ಟೂ ಇಲ್ಲ. ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ನೇಮಿಸಿದ ಸಮಿತಿ 2016ರಲ್ಲಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಕೂಡದು ಎಂದು ಶಿಫಾರಸು ಮಾಡಬೇಕಾಗಿ ಬಂತು ಅಂದರೆ ಪರಿಸ್ಥಿತಿ ಊಹಿಸಿ.

ಡಿಪ್ಲೊಮಾ ಮಾಡಿದ ಹಿರಿಯ ಸಿಸ್ಟರ್‌ಗಳನ್ನು ನಾನು ಹಗುರ ಮಾಡುತ್ತಿಲ್ಲ. ಅಮ್ಮನ ಸಣಕಲು ಕೈಯಲ್ಲಿ ಒಂದೇ ಏಟಿಗೆ ನರ ಹುಡುಕಿದ್ದು ಆ ಇನ್‌ಚಾರ್ಜ್ ಸಿಸ್ಟರೇ. ರೌಂಡ್ಸಿಗೆ ಮುಂಚೆ ಡಾಕ್ಟರಿಗೆ ಫೋನ್ ಮಾಡಿ ಬೈಸಿಕೊಂಡ ಅನುಭವ ಅವರಿಗೆ ಎಷ್ಟು ಸಲ ಆಗಿತ್ತೋ.

ಡಿಸ್ಚಾರ್ಜ್ ಹಿಂದಿನ ದಿನ ಆ ಹುಡುಗಿ ಅಮ್ಮನ ಪಕ್ಕ ಸ್ಟೂಲ್ ಎಳೆದುಕೊಂಡು ಕೇರ್ ಪ್ಲಾನ್ ಬರೆಯುತ್ತಿದ್ದಳು. ಇಣುಕಿದೆ. ಕೆಂಪು ಶಾಯಿಯ ಶೀರ್ಷಿಕೆಗಳು, ಸ್ಕೇಲಿಟ್ಟು ಎಳೆದ ಅಂಕಣಗಳು. ಮೂತ್ರ ಕಡಿಮೆಯಾದದ್ದು, ಅದಕ್ಕೆ ಕಾರಣ ಏನಿರಬಹುದು, ಏನು ಮಾಡಬೇಕು, ಮನೆಯಲ್ಲಿ ಏನು ಗಮನಿಸಬೇಕು, ಎಲ್ಲ ಇತ್ತು. ಡಾಕ್ಟರ್ ಬರೆದದ್ದಕ್ಕಿಂತ ವಿವರವಾಗಿತ್ತು. "ಇದು ಅಮ್ಮನ ಫೈಲಿಗೆ ಹೋಗುತ್ತಾ?" ಅಂತ ಕೇಳಿದೆ.

"ಇಲ್ಲ ಅಂಕಲ್," ಅಂದಳು, ಗೆರೆ ಎಳೆಯುತ್ತಲೇ. "ಮೇಡಂ ಸೈನ್ ಹಾಕ್ತಾರೆ. ಇಂಟರ್ನಲ್ಸ್‌ಗೆ."