ಕೋಕ್ ಒಲೆಯ ಬಾಗಿಲಲ್ಲಿ ಸೋರುವ ವಿಷ

ಕಲ್ಲಿದ್ದಲನ್ನು ಗಾಳಿಯಾಡದ ಇಕ್ಕಟ್ಟಾದ ಒಲೆಗಳಲ್ಲಿ 1,000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಸುಮಾರು 15ರಿಂದ 20 ಗಂಟೆ ಕಾಯಿಸಿದಾಗ ಉಳಿಯುವ ಗಟ್ಟಿ ಇಂಗಾಲವೇ ಕೋಕ್. ಊದುಕುಲುಮೆಯಲ್ಲಿ ಅದಿರಿನಿಂದ ಆಮ್ಲಜನಕವನ್ನು ಬೇರ್ಪಡಿಸಿ ಕಬ್ಬಿಣವನ್ನು ಬಿಡಿಸುವುದಕ್ಕೆ ಇದು ಬೇಕು. ಕಾಯುತ್ತಿರುವ ಕಲ್ಲಿದ್ದಲಿನಿಂದ ಹೊರಡುವ ಅನಿಲದಲ್ಲಿ ರಕ್ತದ ಕ್ಯಾನ್ಸರಿಗೆ ಕಾರಣವಾಗುವ ಬೆಂಜೀನ್ ಇರುತ್ತದೆ, ಟಾರಿನ ಆವಿ ಇರುತ್ತದೆ, ಕ್ಯಾನ್ಸರ್ ತರುವ ಬೆಂಜೋಪೈರೀನ್‌ನಂತಹ ಸಂಯುಕ್ತಗಳೂ ಇರುತ್ತವೆ. ಕೋಕ್ ತಯಾರಿಕೆಯ ಕೆಲಸವನ್ನೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ಮೊದಲ ಗುಂಪಿನಲ್ಲಿರಿಸಿದೆ.

ಈ ವಿಷದ ಒಂದು ಪಾಲು ಎತ್ತರದ ಚಿಮಣಿಯವರೆಗೆ ಹೋಗುವುದೇ ಇಲ್ಲ. ವರ್ಷಗಟ್ಟಲೆ ಕಾದು ತಣಿದು ಸೊಟ್ಟಗಾದ ಕಬ್ಬಿಣದ ಬಾಗಿಲುಗಳ ಅಂಚಿನಿಂದ, ಕಲ್ಲಿದ್ದಲು ಸುರಿಯುವ ಬಾಯಿಗಳ ಮುಚ್ಚಳದ ಸಂದಿಯಿಂದ ಅದು ಕಾರ್ಮಿಕರ ಮುಖದ ಮಟ್ಟದಲ್ಲೇ ಸೋರುತ್ತದೆ. ಆದ್ದರಿಂದ ಇಲ್ಲಿ ಸೋಸುವ ಯಂತ್ರಕ್ಕಿಂತ ಹೆಚ್ಚಿನ ಕೆಲಸ ಮಾಡುವುದು ಅಂಚಿಗೆ ಬಿಗಿಯಾಗಿ ಒತ್ತಿ ಕೂರುವ ಸ್ಪ್ರಿಂಗ್ ಬಾಗಿಲು, ಮತ್ತು ಒಲೆಯನ್ನು ಬರಿದುಮಾಡಿದಾಗಲೆಲ್ಲ ಆ ಅಂಚಿಗೆ ಅಂಟಿದ ಟಾರನ್ನು ಕೆರೆದು ತೆಗೆಯುವ ಶಿಸ್ತು. ಅಮೆರಿಕವು 1993ರಲ್ಲಿ ತಂದ ನಿಯಮದಲ್ಲಿ ತರಬೇತಿ ಪಡೆದ ವೀಕ್ಷಕರು ಒಲೆಗಳ ಸಾಲಿನುದ್ದಕ್ಕೂ ನಡೆದು, ಎಷ್ಟು ಬಾಗಿಲುಗಳಿಂದ ಹೊಗೆ ಕಾಣುತ್ತಿದೆ ಎಂದು ಕಣ್ಣಿನಿಂದಲೇ ಎಣಿಸಬೇಕಾಗಿತ್ತು. ಸರಳವಾದ ಕ್ರಮವಾದರೂ ಅದು ನೋಡಬೇಕಾದ ಜಾಗವನ್ನೇ ನೋಡುತ್ತದೆ.

ಉಕ್ಕಿನ ಕಾರ್ಖಾನೆಯ ಇನ್ನೊಂದು ವಿಷವಾದ, ಕ್ಲೋರಿನ್ ಸೇರಿದ ಡಯಾಕ್ಸಿನ್ ಎಂಬ ಸಂಯುಕ್ತಗಳ ಕಥೆ ಬೇರೆ. ಅವು ಕಚ್ಚಾವಸ್ತುವಿನಲ್ಲಿ ಇರಲೇಬೇಕೆಂದಿಲ್ಲ, ದಾರಿಯಲ್ಲಿ ಹುಟ್ಟುತ್ತವೆ. ಅದಿರಿನ ಪುಡಿಯನ್ನು ಕೋಕ್ ಚೂರಿನೊಂದಿಗೆ ಸುಟ್ಟು ಗಟ್ಟಿ ಉಂಡೆ ಮಾಡುವ ಸಿಂಟರ್ ಘಟಕದಲ್ಲಾಗಲಿ, ಗುಜರಿಯನ್ನು ಕರಗಿಸುವ ವಿದ್ಯುತ್ ಕುಲುಮೆಯಲ್ಲಾಗಲಿ, ಬಿಸಿ ಅನಿಲವು ಸುಮಾರು 450ರಿಂದ 250 ಡಿಗ್ರಿಗೆ ನಿಧಾನವಾಗಿ ಇಳಿಯುವಾಗ ಇಂಗಾಲ ಮತ್ತು ಕ್ಲೋರಿನ್‌ಗಳು ಧೂಳಿನಲ್ಲಿರುವ ತಾಮ್ರದ ನೆರವಿನಿಂದ ಕೂಡಿಕೊಳ್ಳುತ್ತವೆ. ಹಾಗಾಗಿ ವಿದ್ಯುತ್ ಕುಲುಮೆಯ ಅನಿಲವನ್ನು ಮೊದಲು ಪೂರ್ತಿ ಉರಿಸಿ, ನೀರು ಸಿಂಪಡಿಸಿ ಆ ಅಪಾಯದ ಶ್ರೇಣಿಯನ್ನು ಥಟ್ಟನೆ ದಾಟಿಸುತ್ತಾರೆ. ಆಮೇಲೂ ಉಳಿದದ್ದನ್ನು ಸಕ್ರಿಯ ಇಂಗಾಲದ ಪುಡಿಗೆ ಅಂಟಿಸಿ ಬಟ್ಟೆಯ ಚೀಲಗಳಲ್ಲಿ ಸೋಸಿ ಹಿಡಿಯುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ, ಗುಜರಿಯಿಂದ ಪಿವಿಸಿ ಪ್ಲಾಸ್ಟಿಕ್, ಎಣ್ಣೆ, ಪಾದರಸವಿರುವ ಹಳೆಯ ಸ್ವಿಚ್‌ಗಳನ್ನು ಕುಲುಮೆಗೆ ಹಾಕುವ ಮೊದಲೇ ಆರಿಸಿ ತೆಗೆಯುವುದು ಎಲ್ಲಕ್ಕಿಂತ ಸುಲಭವೆಂದು ನನ್ನ ಅಭಿಪ್ರಾಯ, ಏಕೆಂದರೆ ಒಮ್ಮೆ ಆವಿಯಾದ ಪಾದರಸವನ್ನು ಹಿಡಿಯುವುದು ಬಹಳ ಕಷ್ಟ.

ಇಂಗಾಲದ ಬದಲು ಜಲಜನಕದಿಂದ ಅದಿರನ್ನು ಕಬ್ಬಿಣವಾಗಿಸಿದರೆ ಹೊರಬರುವುದು ನೀರಾವಿ. ಕೋಕ್ ಒಲೆಯ ಅಗತ್ಯವೇ ಉಳಿಯುವುದಿಲ್ಲ. ಸ್ವೀಡನ್ನಿನಲ್ಲಿ 2021ರಲ್ಲಿ ಇಂತಹ ಕಬ್ಬಿಣದಿಂದ ಉಕ್ಕನ್ನು ತಯಾರಿಸಿ ತೋರಿಸಿದ್ದಾರೆ. ಆದರೆ ಜಗತ್ತಿನ ಉಕ್ಕಿನಲ್ಲಿ ಸುಮಾರು 70 ಪ್ರತಿಶತ ಈಗಲೂ ಊದುಕುಲುಮೆಯ ದಾರಿಯಿಂದಲೇ ಬರುತ್ತದೆ, ಮತ್ತು ಒಮ್ಮೆ ಕಟ್ಟಿದ ಕೋಕ್ ಒಲೆಗಳ ಸಾಲು ದಶಕಗಳ ಕಾಲ ಉರಿಯುತ್ತದೆ. ಅಷ್ಟು ಕಾಲವೂ ಅವುಗಳ ಪಕ್ಕದಲ್ಲಿ ನಿಂತು ದುಡಿಯುವವರ ಉಸಿರಿಗೆ ಆಧಾರವಾಗಿರುವುದು ಅದೇ ಬಾಗಿಲ ಅಂಚು.