ವಸ್ತುಪ್ರದರ್ಶನದಲ್ಲಿ ತಂತಿ ಜೋಡಿಸುವವರು ಯಾರು?

ಕೊಡಗಿನ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಹೆಣ್ಣುಮಕ್ಕಳು ಸಾಕಷ್ಟು ಸಂಖ್ಯೆಯಲ್ಲಿ ಕಾಣಿಸುತ್ತಾರೆ. ಆದರೆ ತಲೆ ಎಣಿಸಿ ಸಮಾಧಾನಪಟ್ಟರೆ ಸಾಲದು, ಮಾದರಿಯ ಮೇಲೆ ಯಾರ ಕೈ ಆಡುತ್ತಿದೆ ಎಂಬುದನ್ನೂ ನೋಡಬೇಕು. 2018ರ ಭೂಕುಸಿತದ ನಂತರ ಮಡಿಕೇರಿಯಲ್ಲಿ ನಾನು ಕಂಡ ಒಂದು ಮಾದರಿಯಲ್ಲಿ, ಮಣ್ಣಿಗೆ ನೆಟ್ಟ ಎರಡು ಮೊಳೆಗಳ ನಡುವೆ ತೇವ ಹೆಚ್ಚಿದಂತೆ ವಿದ್ಯುತ್ ಹರಿದು, ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್ ಎಂಬ ಪುಟ್ಟ ಬಿಡಿಭಾಗ ಚಾಲೂ ಆಗಿ ಬಜರ್ ಕೂಗುತ್ತಿತ್ತು. ವಿವರಣೆಯನ್ನೆಲ್ಲ ಹುಡುಗಿಯೇ ನಿರರ್ಗಳವಾಗಿ ಒಪ್ಪಿಸಿದಳು. ಮಧ್ಯೆ ತಂತಿಯೊಂದು ಕಳಚಿ ಸದ್ದು ನಿಂತಾಗ ಮಾತ್ರ ಪಕ್ಕದ ಹುಡುಗನ ಮುಖ ನೋಡಿದಳು.

ಇದನ್ನು ಕಂಡವರು 'ಹೆಣ್ಣುಮಕ್ಕಳಿಗೆ ಯಂತ್ರ ತಲೆಗೆ ಹತ್ತುವುದಿಲ್ಲ' ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ಇದು ವಿಜ್ಞಾನದ ವೇಷ ತೊಟ್ಟ ಮೂಢನಂಬಿಕೆ. ಕ್ಯಾಲಿಫೋರ್ನಿಯಾದ ಮಕ್ಕಳ ವಸ್ತುಸಂಗ್ರಹಾಲಯವೊಂದರಲ್ಲಿ ತಂದೆತಾಯಿಯರು ಮಕ್ಕಳೊಡನೆ ಆಡುವ ಮಾತನ್ನು ದಾಖಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಸಂಗತಿಯನ್ನು ತೋರಿಸಿತು. ಉಪಕರಣವನ್ನು ಹೇಗೆ ಬಳಸಬೇಕೆಂದು ಅವರು ಗಂಡು ಹೆಣ್ಣೆನ್ನದೆ ಹೇಳಿಕೊಡುತ್ತಿದ್ದರು. ಅದು ಏಕೆ ಹಾಗೆ ನಡೆಯುತ್ತದೆ ಎಂಬ ವಿವರಣೆಯನ್ನು ಮಾತ್ರ ಗಂಡುಮಕ್ಕಳಿಗೆ ಸುಮಾರು ಮೂರು ಪಟ್ಟು ಹೆಚ್ಚಾಗಿ ಕೊಡುತ್ತಿದ್ದರು. ಆ ಮಕ್ಕಳು ಎಂಟು ವರ್ಷ ದಾಟದವರು! ನಮ್ಮಲ್ಲೂ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ನ ಬೆಲ್ಟ್ ಬಿಗಿಮಾಡುವಾಗ ಹಿಡಿದುಕೊಳ್ಳಲು ಮಗನನ್ನು ಕರೆಯುತ್ತಾರೆ, ಮಗಳನ್ನು ಕಣದಲ್ಲಿ ಕಾಫಿ ಹರಡಲು ಕಳುಹಿಸುತ್ತಾರೆ. ಒಂದೇ ತಳಿಯ ಎರಡು ಗಿಡಗಳಲ್ಲಿ ಒಂದಕ್ಕೆ ಮಾತ್ರ ವರ್ಷವರ್ಷವೂ ಗೊಬ್ಬರ ಹಾಕಿ, ಕೊನೆಗೆ ಫಸಲು ತೂಗಿ ತಳಿಯೇ ಬೇರೆ ಎಂದು ತೀರ್ಮಾನಿಸಿದಂತಾಯಿತು ಇದು.

ಅಭ್ಯಾಸದಿಂದ ಈ ಅಂತರ ಕುಗ್ಗುತ್ತದೆ ಎಂಬುದಕ್ಕೂ ಪುರಾವೆಯಿದೆ. ವಸ್ತುವೊಂದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಪರೀಕ್ಷೆಯಲ್ಲಿ ಗಂಡಸರು ಸಾಮಾನ್ಯವಾಗಿ ಮುಂದಿರುತ್ತಾರೆ. ಟೊರಾಂಟೊದ ಸಂಶೋಧಕರು 2007ರಲ್ಲಿ ವರದಿ ಮಾಡಿದಂತೆ, ವೇಗದ ವಿಡಿಯೊ ಗೇಮ್ ಅನ್ನು ಕೇವಲ 10 ಗಂಟೆ ಆಡಿದ ಬಳಿಕ ಆ ಅಂತರ ಗಣನೀಯವಾಗಿ ಇಳಿಯಿತು.

ಅವಕಾಶಕ್ಕೇ ಬಾಗಿಲು ಮುಚ್ಚಿದ ಇತಿಹಾಸವೂ ದೂರದ್ದಲ್ಲ. ಹೆಣ್ಣೆಂಬ ಕಾರಣಕ್ಕೆ, ಮುಂದೆ ಜೀವರಸಾಯನ ವಿಜ್ಞಾನಿಯಾಗಿ ಹೆಸರಾದ ಕಮಲಾ ಸೊಹೊನಿಯವರನ್ನು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿಸಿಕೊಳ್ಳಲು ಅದರ ಆಗಿನ ನಿರ್ದೇಶಕ ಸಿ. ವಿ. ರಾಮನ್ ಅವರೇ ಮೊದಲು ಒಪ್ಪಲಿಲ್ಲ. ಪಟ್ಟು ಹಿಡಿದು, ಷರತ್ತುಗಳಿಗೆ ಒಳಪಟ್ಟು ಪ್ರವೇಶ ಪಡೆದ ಅವರು 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪದವಿ ಗಳಿಸಿದರು.

ಆದ್ದರಿಂದ ತೀರ್ಪುಗಾರರಲ್ಲಿ ನನ್ನದೊಂದು ಕೋರಿಕೆ: ವಿವರಣೆ ಕೇಳಿದ ಮೇಲೆ ಒಂದು ತಂತಿಯನ್ನು ಕಳಚಿ, ತಂಡದ ಪ್ರತಿಯೊಬ್ಬರೂ ಅದನ್ನು ಮರುಜೋಡಿಸಲು ಹೇಳಿ, ಅದಕ್ಕೂ ಅಂಕ ಕೊಡಿ. ಹಾಗಾದರೆ ಅಭ್ಯಾಸದ ದಿನಗಳಲ್ಲೇ ಶಿಕ್ಷಕರು ಸ್ಕ್ರೂಡ್ರೈವರನ್ನು ಎಲ್ಲರ ಕೈಗೂ ಕೊಡಬೇಕಾಗುತ್ತದೆ.